ಅಪ್‌ಡೇಟ್: ನಮ್ಮ ಸ್ವಯಂಸೇವಕ ವೇದಿಕೆ ಎಲ್ಲಿಗೆ ಬಂತು

ಬೇರೆ ಬೇರೆ ದೇಶಗಳ ಪ್ರಜಾಪ್ರಭುತ್ವ ಹೋರಾಟಗಾರರು ಅನುಭವ ಹಂಚಿಕೊಳ್ಳುವ ಆನ್‌ಲೈನ್ ವೇದಿಕೆಯೊಂದನ್ನು ಶಿರಸಿಯಲ್ಲಿ ಕುಳಿತು ಆರು ಮಂದಿ ಸ್ವಯಂಸೇವಕರು ಕಟ್ಟಹೊರಟಿದ್ದೇವೆ, ತಂತ್ರಾಂಶವನ್ನೂ ನಾವೇ ಬರೆಯಬೇಕೇ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಇರುವುದನ್ನೇ ಬಳಸಿ ಎಂದು ಹಲವರು ಹೇಳಿದಿರಿ, ಹಾಗೆಯೇ ಮಾಡಿದೆವು. ಬಾರ್ಸಿಲೋನಾ ನಗರಾಡಳಿತ 2016ರಲ್ಲಿ ಆರಂಭಿಸಿದ ‘ಡೆಸಿಡಿಮ್’ ಎಂಬ, ಜನ ಸೇರಿ ಚರ್ಚಿಸಿ ತೀರ್ಮಾನಿಸಲು ನೆರವಾಗುವ ಮುಕ್ತ (ಯಾರು ಬೇಕಾದರೂ ಬಳಸಬಹುದಾದ) ತಂತ್ರಾಂಶವನ್ನು ಆಯ್ದುಕೊಂಡೆವು. ಕ್ಯಾಟಲನ್ ಭಾಷೆಯಲ್ಲಿ ಅದರ ಅರ್ಥ ‘ನಾವು ನಿರ್ಧರಿಸುತ್ತೇವೆ’. ಗ್ರಾಮಸಭೆಯಲ್ಲಿ ಕೈಯೆತ್ತಿ ಅಭ್ಯಾಸವಿರುವ ನಮಗೆ ಹೆಸರು ಹಿಡಿಸಿತು.

ತಂತ್ರಾಂಶಕ್ಕಿಂತ ಹೆಚ್ಚು ಕಾಡಿದ್ದು ಪಾಸ್‌ವರ್ಡ್. ಸರ್ವರಿನ ಪಾಸ್‌ವರ್ಡ್ ಒಬ್ಬ ಗೆಳೆಯನ ಬಳಿ ಮಾತ್ರ ಇತ್ತು. ಜುಲೈಯಲ್ಲಿ, ತಾಣ ಅಸಲಿಯೆಂದು ಬ್ರೌಸರಿಗೆ ತಿಳಿಸುವ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು ತಾಣ ತೆರೆಯದಾದಾಗ ಆತ ದೇವಿಮನೆ ಘಟ್ಟದ ಕೆಳಗಿನ ತನ್ನ ಮನೆಯಲ್ಲಿದ್ದ. ಅಡಿಕೆ ಮರ ತಂತಿಯ ಮೇಲೆ ಬಿದ್ದು ಅಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಪಾಸ್‌ವರ್ಡ್ ಇಲ್ಲದೆ ಅದನ್ನು ನವೀಕರಿಸಲಾಗದೆ ಮೂರು ದಿನ ಕಾದೆವು. ಈಗ ಪಾಸ್‌ವರ್ಡ್ ಮೂವರ ಬಳಿಯಿದೆ, ಅವರಲ್ಲೊಬ್ಬರು ಕಾರವಾರದವರು.

ನಿಜನಾಮವನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ಕೇಳಬೇಡಿ ಎಂಬ ನಿಮ್ಮ ಸಲಹೆಯನ್ನು ಹಾಗೆಯೇ ಪಾಲಿಸಿದ್ದೇವೆ. ಬರೆದದ್ದಕ್ಕೇ ಜೈಲು ಕಾಣಬೇಕಾದ ದೇಶಗಳವರೂ ಬರುವುದರಿಂದ ಸರ್ವರಿನ ಲಾಗ್‌ಗಳನ್ನು (ಯಾರು ಯಾವಾಗ ಎಲ್ಲಿಂದ ಬಂದರೆಂಬ ದಾಖಲೆಗಳನ್ನು) ವಾರಕ್ಕೊಮ್ಮೆ ಅಳಿಸುತ್ತೇವೆ. ತಂತ್ರಾಂಶದಲ್ಲಿ ಬರುವ ‘ಪ್ರಪೋಸಲ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಪ್ರಸ್ತಾವ’ ಸರಿಯೋ ‘ಸೂಚನೆ’ ಸರಿಯೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.