ಮೊರಾಕ್ಕೊದ 4-1-4-1 ಕಾಲೇಜು ತಂಡಕ್ಕೆ ಕೂರಿಸೋದು ಹೇಗೆ?

ದಾವಣಗೆರೆ_ಸೈಡ್‌ಲೈನ್:
ಅಂತರ ಕಾಲೇಜು ಟೂರ್ನಿಗೆ ಇನ್ನು ನಾಲ್ಕು ವಾರ ಇದೆ. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಮೊರಾಕ್ಕೊ ಆಡಿದ ಹಂಗೆ 4-1-4-1 (ನಾಲ್ವರು ಡಿಫೆಂಡರ್, ಅವರ ಮುಂದೆ ಒಬ್ಬ, ಆಮೇಲೆ ನಾಲ್ವರು ಮಿಡ್‌ಫೀಲ್ಡರ್, ತುದಿಗೆ ಒಬ್ಬ ಸ್ಟ್ರೈಕರ್) ಆಡಿಸ್ತಿದ್ದೀವಿ. ಅಷ್ಟೂ ಜನ ಹಿಂದೆ ಬಂದ್ರೂ ಡಿಫೆನ್ಸ್, ಮಿಡ್‌ಫೀಲ್ಡ್ ನಡುವೆ ಎದುರಾಳಿ ಆರಾಮಾಗಿ ಬಾಲ್ ತಗೊಂಡು ತಿರುಗ್ತಾನೆ. ಬಾಲ್ ಕಿತ್ಕೊಂಡ್ರೂ ಎರಡನೇ ಪಾಸ್‌ಗೆ ವಾಪಸ್ ಹೋಗುತ್ತೆ. ಎಲ್ಲಿ ತಪ್ಪುತ್ತಿದೆ?

ದುರ್ಗದ_ಸ್ಟಾಪರ್:
ಸರ್, ಮೊದಲು ಅಳತೆ ನೋಡ್ರಿ. ಡಿಫೆನ್ಸ್ ಸಾಲಿಗೂ ಮಿಡ್‌ಫೀಲ್ಡ್ ಸಾಲಿಗೂ 10-12 ಮೀಟರ್, ಸ್ಟ್ರೈಕರ್‌ನಿಂದ ಕೊನೇ ಡಿಫೆಂಡರ್‌ವರೆಗೆ 30 ಮೀಟರ್ ಒಳಗೆ ಇರಬೇಕು. ನಿಮ್ಮ ಬ್ಯಾಕ್ ಫೋರ್, ಅಂದ್ರೆ ಆ ನಾಲ್ವರು ಡಿಫೆಂಡರ್‌ಗಳು, ಹೆದರಿ ಪೆನಾಲ್ಟಿ ಬಾಕ್ಸ್ ಒಳಗೆ ಜಾರ್ತಿರಬೇಕು, ಮಿಡ್‌ಫೀಲ್ಡರ್‌ಗಳು ಬಾಲ್ ಹಿಂದೆ ಓಡ್ತಿರಬೇಕು. ಜಾಗ ಹುಟ್ಟೋದೇ ಅಲ್ಲಿ.

ಎರಡನೇದು, ಇಬ್ಬರು ಎಂಟುಗಳು (ಮಿಡ್‌ಫೀಲ್ಡ್‌ನ ನಾಲ್ವರಲ್ಲಿ ಒಳಗಡೆ ಆಡೋ ಇಬ್ಬರು) ಒಟ್ಟಿಗೆ ಮುಂದೆ ನುಗ್ಗಬಾರದು. ಮೊರಾಕ್ಕೊದಲ್ಲಿ ಊನಾಹಿ ಪ್ರೆಸ್‌ಗೆ (ಬಾಲ್ ಇದ್ದವನ ಮೇಲೆ ಒತ್ತಡ ಹಾಕೋಕೆ) ಹೋದ್ರೆ ಇನ್ನೊಬ್ಬ ಎಂಟು ಅಮಲ್ಲಾ ಒಳಗೆ ಸರಿದು ನಿಲ್ತಿದ್ದ. ಆರನೇ ನಂಬರ್, ಅಂದ್ರೆ ಎರಡು ಸಾಲುಗಳ ನಡುವೆ ಒಬ್ಬನೇ ಆಡೋ ಅಮ್ರಾಬತ್, ಸೆಂಟರ್ ಬ್ಯಾಕ್‌ಗಳ (ಮಧ್ಯದ ಇಬ್ಬರು ಡಿಫೆಂಡರ್‌ಗಳ) ಮುಂದಿನ ಜಾಗ ಬಿಟ್ಟು ದೂರ ಹೋಗ್ತಿರಲಿಲ್ಲ. ನಿಮ್ಮ ಆರನೇ ನಂಬರ್ ಹುಡುಗ ಟಚ್‌ಲೈನ್‌ವರೆಗೆ (ಮೈದಾನದ ಪಕ್ಕದ ಗೆರೆವರೆಗೆ) ಟ್ಯಾಕಲ್‌ಗೆ ಓಡ್ತಾನೆ ಅಂದ್ರೆ ಎಷ್ಟೇ ಗಟ್ಟಿಗ ಆದ್ರೂ ಆ ಜಾಗಕ್ಕೆ ಆಗಲ್ಲ.

ಸ್ಟ್ರೈಕರ್ ಕೆಲಸಾನೂ ಹೇಳ್ರಿ. ಸ್ಪೇನ್ ಎದುರು ಮೊರಾಕ್ಕೊದ ಸ್ಟ್ರೈಕರ್ ಎನ್-ನೆಸಿರಿ ಸೆಂಟರ್ ಬ್ಯಾಕ್‌ಗಳನ್ನ ಅಟ್ಟಿಸ್ಕೊಂಡು ಹೋಗ್ಲಿಲ್ಲ, ಸ್ಪೇನ್ ಮಿಡ್‌ಫೀಲ್ಡರ್ ಬುಸ್ಕೆಟ್ಸ್‌ಗೆ ಹೋಗೋ ಪಾಸ್ ಮುಚ್ಚಿ ನಿಂತ. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಆಡಿತು, 120 ನಿಮಿಷ ಕಳೆದ್ರೂ ಗೋಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ 3-0 ಸೋತಿತು.

ಬೆಳಗಿನ_ಪ್ರಾಕ್ಟೀಸ್:
ಮೇಲಿನವರು ಹೇಳಿದ್ದು ಸರಿ. ಅಭ್ಯಾಸ ಹೀಗೆ ಮಾಡಿಸಿ. ಅರ್ಧ ಮೈದಾನದಲ್ಲಿ ಕೋನ್ ಇಟ್ಟು ಮೂರು ಉದ್ದ ಪಟ್ಟಿ ಮಾಡಿ. ಎಂಟು ಜನ ಬಾಲ್ ಆಡಿಸಲಿ, ನಿಮ್ಮ ಬ್ಯಾಕ್ ಫೋರ್, ಆರನೇ ನಂಬರ್ ಮತ್ತು ಮುಂದಿನ ನಾಲ್ವರು ತಡೆಯಲಿ. ಬಾಲ್ ಬಲ ಪಟ್ಟಿಯಲ್ಲಿದ್ದರೆ ಎಡ ಪಟ್ಟಿ ಖಾಲಿ ಇರಬೇಕು. ಎಡ ವಿಂಗರ್ (ಎಡ ಅಂಚಿನ ಮಿಡ್‌ಫೀಲ್ಡರ್) ಮಧ್ಯದ ಪಟ್ಟಿಗೆ ಬಂದಿರಬೇಕು. ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ವಿರಾಮ. ಸಾಲುಗಳ ನಡುವೆ ಎದುರಾಳಿ ತಿರುಗಿದ ಕ್ಷಣ ಸೀಟಿ ಊದಿ, ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ ತೋರಿಸಿ. ಬಾಯಲ್ಲಿ ಹೇಳಿದ್ದು ತಲೆಗೆ ಹೋಗೋದಿಲ್ಲ, ನಿಂತ ಜಾಗ ಕಣ್ಣಿಗೆ ಕಂಡರೆ ಹೋಗುತ್ತದೆ.

ಹೆಚ್ಚು ಕೆಡುವುದು ಬಾಲ್‌ನಿಂದ ದೂರದ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಹತ್ತಿರ. ಬಾಲ್ ನೋಡುತ್ತಾ ನಿಂತು ಬೆನ್ನ ಹಿಂದಿನವನನ್ನು ಮರೆಯುತ್ತಾನೆ. ಎರಡು ಸೆಕೆಂಡಿಗೊಮ್ಮೆ ಭುಜದ ಮೇಲಿಂದ ಹಿಂದೆ ನೋಡುವುದನ್ನು ರೂಢಿ ಮಾಡಿಸಿ.

ಕಿತ್ತುಕೊಂಡ ಬಾಲನ್ನು ಕಣ್ಣು ಮುಚ್ಚಿ ಮುಂದಕ್ಕೆ ಹೊಡೆಯಬೇಡಿ. ಹುಲ್ಲಿಲ್ಲದ ಗಟ್ಟಿ ನೆಲದಲ್ಲಿ ಅದು ಪುಟಿದು ನೇರ ಅವರ ಗೋಲ್‌ಕೀಪರ್ ಕೈಗೆ ಹೋಗುತ್ತದೆ. ಮೊದಲ ಪಾಸ್ ಹತ್ತಿರದ ಎಂಟನೇ ನಂಬರಿಗೆ, ಎರಡನೆಯದು ಎದುರು ಬದಿಯ ವಿಂಗರ್‌ಗೆ. ಮೊರಾಕ್ಕೊದ ವಿಂಗರ್ ಬೂಫಾಲ್ ಎಡಗಡೆ ಬಾಲ್ ಹಿಡಿದು ಡ್ರಿಬಲ್ ಮಾಡುತ್ತಿದ್ದಷ್ಟು ಹೊತ್ತು ಉಳಿದವರಿಗೆ ಮೇಲೆ ಬರಲು ಸಮಯ ಸಿಗುತ್ತಿತ್ತು. ನಿಮ್ಮಲ್ಲೂ ಬಾಲ್ ಕಳೆದುಕೊಳ್ಳದ ಹುಡುಗನನ್ನು ಅಲ್ಲಿಗೆ ಹಾಕಿ, ವೇಗ ಆಮೇಲೆ ನೋಡೋಣ.

ದಾವಣಗೆರೆ_ಸೈಡ್‌ಲೈನ್:
ತುಂಬಾ ಉಪಕಾರ ಆಯ್ತು. ಬಲವಾದ ತಂಡ ಸಿಕ್ರೆ ಐದು ಡಿಫೆಂಡರ್ ಹಾಕೋದು ಒಳ್ಳೇದಾ?

ದುರ್ಗದ_ಸ್ಟಾಪರ್:
ಅಭ್ಯಾಸ ಇಲ್ಲದೆ ಬೇಡ್ರಿ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು ಮೊರಾಕ್ಕೊದ ಆಗಿನ ಕೋಚ್ ರೆಗ್ರಾಗಿ ಅದನ್ನೇ ಮಾಡಿದ್ರು. ಐದನೇ ನಿಮಿಷಕ್ಕೆ ಫ್ರಾನ್ಸ್‌ನ ಗ್ರೀಜ್‌ಮನ್‌ಗೆ ಬಂದ ಪಾಸ್ ತಡೆಯೋಕೆ ಮೊರಾಕ್ಕೊ ಡಿಫೆಂಡರ್ ಎಲ್ ಯಾಮಿಕ್ ಮುಂದೆ ನುಗ್ಗಿದ, ಬಾಲ್ ಸಿಗಲಿಲ್ಲ, ಅವನ ಹಿಂದಿನ ಜಾಗ ತೆರೆದು ಬಿತ್ತು. ಎಂಬಾಪೆ ಹೊಡೆದ ಬಾಲ್ ಡಿಫೆಂಡರ್‌ಗೆ ತಾಗಿ ಮೇಲಕ್ಕೆ ಚಿಮ್ಮಿತು, ಫ್ರಾನ್ಸ್‌ನ ಥಿಯೋ ಹೆರ್ನಾಂಡೆಜ್ ಗೋಲ್ ಮಾಡಿದ. 21ನೇ ನಿಮಿಷಕ್ಕೆ ಗಾಯಾಳು ಡಿಫೆಂಡರ್ ಸೈಸ್ ಹೊರಗೆ ಹೋಗಿ ಅಮಲ್ಲಾ ಬಂದ, ತಂಡ ಹಳೇ ರೂಪಕ್ಕೆ ಮರಳಿ ಎಷ್ಟೋ ಚೆನ್ನಾಗಿ ಆಡಿತು. 2-0 ಸೋತರೂ ಆಮೇಲೆ ಬಾಲ್ ಹೆಚ್ಚು ಹೊತ್ತು ಮೊರಾಕ್ಕೊದವರ ಕಾಲಲ್ಲೇ ಇತ್ತು.

ಬೆಳಗಿನ_ಪ್ರಾಕ್ಟೀಸ್:
ಒಪ್ಪುತ್ತೇನೆ. ಆದರೆ ಯಾವಾಗಲೂ ಹಿಂದೆಯೇ ಇರಬೇಕು ಅಂತ ಹುಡುಗರ ತಲೆಯಲ್ಲಿ ಕೂರಬಾರದು. ಕೆನಡಾ ಎದುರು ನಾಲ್ಕನೇ ನಿಮಿಷದಲ್ಲೇ ಕೆಟ್ಟ ಬ್ಯಾಕ್ ಪಾಸ್ ಕಂಡು ಎನ್-ನೆಸಿರಿ ಓಡಿದ. ಕೆನಡಾ ಗೋಲ್‌ಕೀಪರ್ ಗಾಬರಿಯಲ್ಲಿ ಒದ್ದ ಬಾಲ್ ಮೊರಾಕ್ಕೊದ ಝಿಯೆಶ್ ಕಾಲಿಗೆ ಬಿತ್ತು, ದೂರದಿಂದಲೇ ಎತ್ತಿ ಹಾಕಿದ. ಮುಂದೆ ಹೋಗಲು ಮೂರೇ ಸಂಜ್ಞೆ ಕೊಡಿ: ನಿಧಾನದ ಬ್ಯಾಕ್ ಪಾಸ್, ಪುಟಿದ ಮೊದಲ ಟಚ್, ಟಚ್‌ಲೈನ್ ಕಡೆ ಮುಖ ಮಾಡಿ ಬಾಲ್ ತೆಗೆದುಕೊಂಡ ಫುಲ್ ಬ್ಯಾಕ್. ಒಬ್ಬ ಕೂಗಿದರೆ ಮುಂದಿನ ಐವರೂ ಒಟ್ಟಿಗೆ ಹೋಗಬೇಕು, ಬ್ಯಾಕ್ ಫೋರ್ ಕೂಡ ಅದೇ ಹೊತ್ತಿಗೆ ಹತ್ತು ಹೆಜ್ಜೆ ಮೇಲೆ ಬರಬೇಕು.