ತಮ್ಮನ ಮರೆವನ್ನು ಪೂರ್ತಿ ನಶೆಯ ಲೆಕ್ಕಕ್ಕೆ ಬರೆಯಬೇಡಿ

ಮಂಡ್ಯದ ಅಕ್ಕ ಕೇಳಿದ್ದು: ನನ್ನ ತಮ್ಮನಿಗೆ ಎಚ್‌ಐವಿ ಇದೆ, ಎಆರ್‌ಟಿ ಮಾತ್ರೆ (ವೈರಸ್ ಹತ್ತಿಕ್ಕುವ ಔಷಧ) ನಡೆಯುತ್ತಿದೆ. ನೋವಿನ ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುವ ಚಟ ಪೂರ್ತಿ ಬಿಟ್ಟಿಲ್ಲ. ಈಚೆಗೆ ಹೇಳಿದ್ದು ನೆನಪಿರುವುದಿಲ್ಲ, ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಶೆ ಬಿಟ್ಟರೆ ಸರಿಹೋಗುತ್ತಾನೆ ಎನ್ನುತ್ತಾರೆ ಮನೆಯವರು. ಇಂಥದ್ದನ್ನು ಕಂಡವರು ಏನು ಮಾಡಿದಿರಿ?

ಮೈಸೂರಿನಿಂದ ಒಬ್ಬರು: ಅಕ್ಕಾ, ನನ್ನ ಭಾವಮೈದುನ ಬೈಕ್ ಮೆಕ್ಯಾನಿಕ್. ಕಾರ್ಬ್ಯುರೇಟರ್ ಬಿಚ್ಚಿ, ಹಳೆಯ ಪತ್ರಿಕೆಯ ಮೇಲೆ ಸ್ಕ್ರೂಗಳನ್ನು ಸಾಲಾಗಿ ಇಟ್ಟು, ಯಾವುದು ಮೊದಲು ಎಂದು ತೋಚದೆ ಕುಳಿತುಬಿಡುತ್ತಿದ್ದ. ಹಳೆಯ ಸಂಗತಿಗಳೆಲ್ಲ ನೆನಪಿದ್ದವು. ಕುಗ್ಗಿದ್ದು ಚುರುಕು, ಗಮನ, ಕೆಲಸವನ್ನು ಕ್ರಮವಾಗಿ ಮಾಡುವ ಶಕ್ತಿ. ಇದು ಸೋಮಾರಿತನವಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರು. ಸೋಂಕು ತಗುಲಿದ ಆರಂಭದಲ್ಲೇ ವೈರಸ್ ಮಿದುಳನ್ನು ಸೇರುತ್ತದೆ. ಅಲ್ಲಿನ ಕಾವಲು ಕೋಶಗಳಲ್ಲಿ ನೆಲೆಸಿ ಉರಿಯೂತ ಎಬ್ಬಿಸುತ್ತದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದರೂ ಕೆಲವರಲ್ಲಿ ಸಣ್ಣ ಮಟ್ಟದ ತೊಂದರೆ ಉಳಿಯುತ್ತದೆ. ನಶೆಯ ಡೋಸ್ ಮೀರಿ ಮಿದುಳಿಗೆ ಆಮ್ಲಜನಕ ಕಡಿಮೆಯಾಗಿದ್ದರೆ, ಸೂಜಿ ಹಂಚಿಕೊಂಡು ಹೆಪಟೈಟಿಸ್ ಸಿ (ಯಕೃತ್ತಿನ ಸೋಂಕು) ಬಂದಿದ್ದರೆ ಪೆಟ್ಟು ಇನ್ನೂ ಜೋರು.

ಆದ್ದರಿಂದ ಎಆರ್‌ಟಿ ಕೇಂದ್ರದಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ನಶೆಯ ವಿಷಯವನ್ನೂ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಎರಡರಲ್ಲೂ ಕೇಂದ್ರವಿದೆ. ನಮ್ಮವನಿಗೆ ನೆನಪು, ಚುರುಕು ನೋಡುವ ಸಣ್ಣ ಪರೀಕ್ಷೆ ಮಾಡಿದರು: ನೆನಪಿಟ್ಟುಕೊಳ್ಳಲು ಮೊದಲು 4 ಪದ ಹೇಳಿದರು. ಆಮೇಲೆ ಬೆರಳುಗಳನ್ನು ಬೇಗ ಬೇಗ ತಟ್ಟಿಸಿದರು. ಮುಷ್ಟಿ, ಅಂಗೈ, ಅಂಗೈಯ ಅಂಚು ಎಂದು ಮೇಜಿನ ಮೇಲೆ ಕೈ ಇಡಿಸಿದರು. ಕೊನೆಗೆ ಆ ಪದಗಳನ್ನು ಕೇಳಿದರು. ಈ ಪರೀಕ್ಷೆಯಲ್ಲಿ 12ಕ್ಕೆ 10 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಮುಂದಿನ ತಪಾಸಣೆ ಬೇಕು. ಅಷ್ಟರಿಂದಲೇ ಕಾಯಿಲೆ ಖಚಿತವಾಗುವುದಿಲ್ಲ. ಥೈರಾಯ್ಡ್, ಬಿ12, ಸಿಫಿಲಿಸ್, ಖಿನ್ನತೆ ಇವೆಯೇ ಎಂದೂ ನೋಡಿಸಿ. ಇವಕ್ಕೆಲ್ಲ ಚಿಕಿತ್ಸೆ ಇದೆ. ನೋಡಿಸದೆ ಬಿಡುವುದು ಅನ್ಯಾಯ.

ಶ್ರೀರಂಗಪಟ್ಟಣದಿಂದ ಒಬ್ಬರು: ಜ್ವರ, ಬಿಡದ ತಲೆನೋವು, ಫಿಟ್ಸ್, ಕೈಕಾಲಿನ ಸೋಲು ಅಥವಾ ಕೆಲವೇ ದಿನಗಳಲ್ಲಿ ಮಂಕು ಕವಿದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನನ್ನ ಅಣ್ಣನಿಗೆ ಅದು ಮಿದುಳುಪೊರೆಯ ಕ್ಷಯವಾಗಿತ್ತು.

ಆಪ್ತಸಮಾಲೋಚಕಿ, ಮಂಡ್ಯ: ನಶೆ ಮಾಡಿದ ದಿನ ಎಆರ್‌ಟಿ ಮಾತ್ರೆ ನುಂಗಬಾರದು ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ದಯವಿಟ್ಟು ಆ ದಿನವೂ ತಪ್ಪಿಸಬೇಡಿ. ವಾರದ 7 ಖಾನೆಯ ಡಬ್ಬಿ ತನ್ನಿ. ರಾತ್ರಿ ಮುದ್ದೆ ಉಂಡ ಮೇಲೆ ಎಂದು ಹೊತ್ತು ಗೊತ್ತು ಮಾಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಕಬ್ಬಿಣ, ಕ್ಯಾಲ್ಸಿಯಂ, ಆಸಿಡಿಟಿ ಔಷಧ, ಫಿಟ್ಸ್ ಮಾತ್ರೆ ಏನೇ ಇದ್ದರೂ ವೈದ್ಯರಿಗೆ ತಿಳಿಸಿ. ಎಆರ್‌ಟಿಯ ಔಷಧವಾದ ಡೊಲುಟೆಗ್ರಾವಿರ್‌ನ ಕೆಲಸವನ್ನು ಅವು ಕೆಡಿಸಬಹುದು. ಚುಚ್ಚಿಕೊಳ್ಳುವ ಚಟಕ್ಕೆ ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಚಿಕಿತ್ಸೆ ಇದೆ, ಅದನ್ನೂ ಕೇಳಿ. ನೆರೆಹೊರೆಗೆ ಗೊತ್ತಾದೀತೆಂಬ ಭಯ ಬೇಡ: 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಗೆ ರಕ್ಷಣೆ ಕೊಟ್ಟಿದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ.