ಸಿಇಟಿ ಅಂಕದಿಂದ ಮಕ್ಕಳ ಕಲಿಕೆಯನ್ನು ನ್ಯಾಯವಾಗಿ ಅಳೆಯಲು ಸಾಧ್ಯವೇ?

ಪ್ರಶ್ನೆ: ಪಾಲಕರು, ಶಹಾಪುರ ತಾಲ್ಲೂಕು

ನನ್ನ ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಬೋರ್ಡ್ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ವಿಷಯಗಳಲ್ಲಿ ಒಳ್ಳೆಯ ಅಂಕಗಳು ಬಂದಿವೆ. ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಮಾತ್ರ 180ಕ್ಕೆ 80ರ ಆಸುಪಾಸಿನಲ್ಲಿದ್ದಾಳೆ. ಮಸೂರದ ಸೂತ್ರವನ್ನು ಚಿತ್ರ ಬರೆದು, ಎಲ್ಲಿ ಧನ ಚಿಹ್ನೆ, ಎಲ್ಲಿ ಋಣ ಚಿಹ್ನೆ ಎಂಬುದನ್ನೂ ಸೇರಿಸಿ ತಮ್ಮನಿಗೆ ಬಿಡಿಸಿ ಹೇಳಬಲ್ಲ ಹುಡುಗಿ, ಅದೇ ಪಾಠದ ಪ್ರಶ್ನೆಗಳಿಗೆ ಸಮಯ ಸಾಲದೆ ಬಿಟ್ಟು ಬಂದಳು. ಇಂಥ ಪರೀಕ್ಷೆ ಅಳೆಯುವುದು ಕಲಿಕೆಯನ್ನೋ ವೇಗವನ್ನೋ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಗಣಿತ ಉಪನ್ಯಾಸಕ, ಭಾಲ್ಕಿ

ವೇಗವನ್ನೂ ಅಳೆಯುತ್ತದೆ, ಅದೂ ಬಹಳಷ್ಟು. ಒಂದು ವಿಷಯದ 60 ಪ್ರಶ್ನೆಗಳಿಗೆ 80 ನಿಮಿಷ ಎಂದರೆ ಒಂದು ಪ್ರಶ್ನೆಯನ್ನು ಓದಿ, ಲೆಕ್ಕ ಮಾಡಿ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಲು ಸಿಗುವುದು 80 ಸೆಕೆಂಡು. ನಮ್ಮ ಭಾಗದ ಮಕ್ಕಳು ಪಿಯುಸಿಗೆ ಬಂದ ಮೇಲೆಯೇ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಲು ಆರಂಭಿಸುತ್ತಾರಾದ್ದರಿಂದ, ಆ 80 ಸೆಕೆಂಡುಗಳಲ್ಲಿ ಒಂದಷ್ಟು ವಾಕ್ಯವನ್ನು ಅರ್ಥಮಾಡಿಕೊಳ್ಳುವುದಕ್ಕೇ ಹೋಗುತ್ತದೆ.

ಎರಡನೆಯದು ಉತ್ತರಗಳ ಆಯ್ಕೆಯ ವಿಚಾರ. ಒಂದು ಇಂಟೆಗ್ರೇಷನ್ ಲೆಕ್ಕವನ್ನು ನಾನು ತರಗತಿಯಲ್ಲಿ ಕೊಟ್ಟರೆ, ಯಾವ ವಿಧಾನ ಹಿಡಿಯಬೇಕೆಂದು ವಿದ್ಯಾರ್ಥಿಯೇ ಯೋಚಿಸಬೇಕು. ಅದೇ ಲೆಕ್ಕ ನಾಲ್ಕು ಉತ್ತರಗಳ ಸಮೇತ ಬಂದಾಗ, ಒಂದೊಂದೇ ಉತ್ತರವನ್ನು ಡಿಫರೆನ್ಷಿಯೇಟ್ ಮಾಡುತ್ತಾ ಹೋದರೆ ಸಾಕು, ಪ್ರಶ್ನೆಯಲ್ಲಿರುವ ಫಲನ ಯಾವುದರಿಂದ ಬರುತ್ತದೋ ಅದೇ ಸರಿಯುತ್ತರ. ಕೋಚಿಂಗ್‌ನಲ್ಲಿ ಇದನ್ನು ಮೊದಲ ವಾರವೇ ಹೇಳಿಕೊಡುತ್ತಾರೆ. ಇಂಟೆಗ್ರೇಷನ್ ಬಾರದವನೂ ಇಂಟೆಗ್ರೇಷನ್ನಿನ ಅಂಕ ಪಡೆಯುತ್ತಾನೆ.

ಊಹೆಯ ಪಾಲೂ ಇದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ತಿಳಿಯದ ಪ್ರಶ್ನೆಗಳನ್ನೂ ಎಲ್ಲರೂ ತುಂಬಿಯೇ ಬರುತ್ತಾರೆ. ಮೂರು ವಿಷಯಗಳಲ್ಲಿ ತಲಾ 30ರಂತೆ 90 ಪ್ರಶ್ನೆಗಳನ್ನು ಕಣ್ಣುಮುಚ್ಚಿ ತುಂಬಿದರೆ ಸರಾಸರಿ 22 ಅಥವಾ 23 ಅಂಕ ಬರಬೇಕು. ಆದರೆ ಒಬ್ಬರಿಗೆ 18, ಮತ್ತೊಬ್ಬರಿಗೆ 27 ಬರುವುದೂ ಅಷ್ಟೇ ಸಹಜ. ಕಲಿಕೆಯಲ್ಲಿ ಸಮನಾಗಿರುವ ಇಬ್ಬರ ನಡುವೆ ಹೀಗೆ ಒಂಬತ್ತು ಅಂಕಗಳ ಅಂತರ ಬಿದ್ದರೆ, ಅಭ್ಯರ್ಥಿಗಳು ಒತ್ತೊತ್ತಾಗಿರುವ ನಡುವಿನ ಶ್ರೇಣಿಯಲ್ಲಿ ಆ ಅಂತರ ಸಾವಿರಾರು ರ‍್ಯಾಂಕ್‌ಗಳಾಗಿ ಕಾಣಿಸಿಕೊಳ್ಳುತ್ತದೆ. ತಮ್ಮ ಮಗಳು ಬಿಟ್ಟು ಬಂದ ಪ್ರಶ್ನೆಗಳನ್ನು ಸುಮ್ಮನೆ ತುಂಬಿದ್ದರೂ ಕೆಲವು ಅಂಕಗಳು ಸಿಗುತ್ತಿದ್ದವು. ಇದನ್ನು ಯಾರಾದರೂ ಅವಳಿಗೆ ಮೊದಲೇ ಹೇಳಬೇಕಿತ್ತು.

ಉತ್ತರ 2: ನಿವೃತ್ತ ಪ್ರಾಂಶುಪಾಲ, ಕಲಬುರಗಿ

ಉಪನ್ಯಾಸಕರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಪರೀಕ್ಷೆಯನ್ನು ಇಷ್ಟು ಹಗುರವಾಗಿ ಕಾಣಲಾರೆ. ಭೌತಶಾಸ್ತ್ರದಲ್ಲಿ ಏಕಮಾನಗಳನ್ನು ನೋಡಿ ಎರಡು ಉತ್ತರಗಳನ್ನು ತಳ್ಳಿಹಾಕುವ ಹುಡುಗ ಭೌತಶಾಸ್ತ್ರವನ್ನೇ ಬಳಸುತ್ತಿದ್ದಾನೆ. ಅದನ್ನು ಕೋಚಿಂಗ್ ತಂತ್ರ ಎಂದು ಬದಿಗೆ ಸರಿಸುವುದು ಸರಿಯಲ್ಲ. ಪರೀಕ್ಷೆಯ ಮೊದಲು ಏನಿತ್ತು ಎಂಬುದನ್ನೂ ನೆನೆಯಬೇಕು. ಸೀಟಿಗಾಗಿ ಹೆಚ್ಚುವರಿ ಹಣ ಪಡೆಯುವ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು ಈ ರಾಜ್ಯ 1984ರಲ್ಲಿ ಕಾನೂನು ಮಾಡಬೇಕಾಯಿತು. ಅದಾದ ಮೇಲೂ ವೈದ್ಯಕೀಯ ಸೀಟಿನ ಶುಲ್ಕದ ವಿಚಾರ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ತೀರ್ಪು ಬಂತು. ಓಎಂಆರ್ ಹಾಳೆಗೆ ಯಾರ ಮಗ, ಯಾವ ಊರು ಎಂಬುದು ತಿಳಿಯುವುದಿಲ್ಲ ಎನ್ನುವುದು ಬಡವರ ಮಕ್ಕಳಿಗೆ ಸಣ್ಣ ಆಸರೆಯಲ್ಲ.

ಬೋರ್ಡ್ ಅಂಕಗಳೇ ನಿಜವಾದ ಅಳತೆ ಎಂದೂ ಹೇಳಲಾಗದು. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯದೆ, ಹಿಂದಿನ ತರಗತಿಗಳ ಅಂಕಗಳ ಆಧಾರದ ಮೇಲೆ ಫಲಿತಾಂಶ ಕೊಟ್ಟಾಗ 600ಕ್ಕೆ 600 ಪಡೆದವರು 2,239 ಮಂದಿ. ಅದೇ ವಿದ್ಯಾರ್ಥಿಗಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕಗಳನ್ನು ಪರಿಗಣಿಸಬೇಕೋ ಬೇಡವೋ ಎಂಬ ವಿವಾದ ಹೈಕೋರ್ಟಿನವರೆಗೆ ಹೋಯಿತು. ಆದ್ದರಿಂದ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಗಳು ಅರ್ಧ, ಸಿಇಟಿ ಅಂಕಗಳು ಅರ್ಧ ಎಂಬ ನಿಯಮವೇ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಅರ್ಹತೆಗೆ ಬೇಕಾದ ಕನಿಷ್ಠ ಅಂಕಗಳಿದ್ದರೆ ಸಾಕು, ಎರಡು ವರ್ಷದ ಓದಿಗೆ ರ‍್ಯಾಂಕಿನಲ್ಲಿ ಯಾವ ಬೆಲೆಯೂ ಇಲ್ಲವೆಂಬ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪದ್ಧತಿ ಅದಕ್ಕಿಂತ ಕಠಿಣ.

ಉತ್ತರ 3: ಪ್ರೌಢಶಾಲಾ ಶಿಕ್ಷಕಿ, ಜೇವರ್ಗಿ

ಹಾಳೆಗೆ ಊರು ತಿಳಿಯದಿರಬಹುದು ಸರ್, ಹಾಳೆ ತುಂಬುವ ಮಕ್ಕಳು ಕೂತಿರುವುದು ಊರಿನಲ್ಲೇ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಅದೇ ಏಪ್ರಿಲ್‌ನಲ್ಲಿ ಸಿಇಟಿಯ ಎರಡನೆಯ ಪತ್ರಿಕೆ ಆರಂಭವಾಗುವುದು ಮಧ್ಯಾಹ್ನ 2.30ಕ್ಕೆ. ನೌಕರರಿಗೆ ಕೆಲಸ ಮಾಡಲಾಗದ ಸೆಕೆಯಲ್ಲಿ ಮಕ್ಕಳು ಪರೀಕ್ಷೆ ಬರೆಯಬೇಕು, ಅವರ ಅಂಕಗಳನ್ನು ಬೆಂಗಳೂರಿನ ಮಕ್ಕಳ ಅಂಕಗಳ ಜೊತೆಗಿಟ್ಟು ನೋಡಬೇಕು.

ಪ್ರಶ್ನೆಪತ್ರಿಕೆಯೂ ಪ್ರತಿ ಸಲ ನಂಬಿಕೆಗೆ ಅರ್ಹವಾಗಿರುವುದಿಲ್ಲ. 2024ರಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಕೈಬಿಟ್ಟದ್ದು ಸರಿಯೇ, ಆದರೆ ಓದದ ಪಾಠದ ಪ್ರಶ್ನೆಗಳ ಮುಂದೆ ಒದ್ದಾಡಿದ ಮಗುವಿಗೆ ಆ ನಿಮಿಷಗಳನ್ನು ಯಾರೂ ಮರಳಿ ಕೊಡಲಿಲ್ಲ. ಪಿಯುಸಿ ಬೋರ್ಡ್ ಪರೀಕ್ಷೆಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ಗೆ ಎರಡಿವೆ. ಸಿಇಟಿಗೂ ಕನಿಷ್ಠ ಎರಡಾದರೂ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಪಾಲಕರಿಗೆ ಒಂದು ಮಾತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ಉಳಿದೆಡೆ ಶೇ 8ರಷ್ಟು ಸೀಟುಗಳು ಮೀಸಲಾಗಿವೆ. ಜೊತೆಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ರ‍್ಯಾಂಕೊಂದರಿಂದಲೇ ಕಲಿಕೆ ತಿಳಿಯುತ್ತದೆ ಎಂದು ಸರ್ಕಾರವೂ ನಂಬಿದ್ದರೆ ಇವು ಇರುತ್ತಿರಲಿಲ್ಲ. ಬರಿಯ ರ‍್ಯಾಂಕ್ ನೋಡಿ ಆಸೆ ಬಿಡಬೇಡಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. 371ಜೆ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮೊದಲೇ ಪಡೆದಿದ್ದೇವೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲುಸಹಿ ಆಗಿದೆಯೇ ಎಂದು ನೋಡಿಕೊಳ್ಳುತ್ತೇನೆ.